ಕಾರಿಗೂ ನರೆ ಬರುತ್ತದೆ!

ಬಡಾವಣೆಯ ಯಾವ ಬೀದಿಯಾದರೂ ಸರಿ, ಮನೆಗಳ ಮುಂದೆ ಸಾಲಾಗಿ ನಿಂತ ಮೋಟಾರು ಕಾರುಗಳನ್ನು ಒಮ್ಮೆ ಗಮನವಿಟ್ಟು ನೋಡಿದರೆ ಒಂದು ವಿಚಿತ್ರ ಕಣ್ಣಿಗೆ ಬೀಳುತ್ತದೆ. ಕೊಂಡು ಆರೇಳು ವರ್ಷ ಕಳೆದಿದ್ದರೂ ಕಾರಿನ ಮೈಬಣ್ಣ ಇನ್ನೂ ಮಿರಿಮಿರಿ ಮಿನುಗುತ್ತಿರುತ್ತದೆ. ಗಾಜು ನಿರ್ಮಲವಾಗಿರುತ್ತದೆ, ಚಕ್ರಗಳೂ ಚೆನ್ನಾಗಿರುತ್ತವೆ. ಆದರೆ ಬಂಪರಿನ ಕೆಳಭಾಗ, ಚಕ್ರದ ಮೇಲಿನ ಕಮಾನು, ಬಾಗಿಲ ಮಗ್ಗುಲಿನ ಪಟ್ಟಿ, ಮುಂಗಾಜಿನ ಬುಡದಲ್ಲಿ ವೈಪರುಗಳು ಕುಳಿತಿರುವ ಜಾಲರಿ, ಇವು ಮಾತ್ರ ಬೂದಿ ಬಳಿದುಕೊಂಡಂತೆ ಬಿಳಿಚಿಕೊಂಡಿರುತ್ತವೆ. ಕೊಂಡ ದಿನ ಕಾಡಿಗೆಯಂತೆ ಕಪ್ಪಾಗಿದ್ದ ಪ್ಲಾಸ್ಟಿಕ್ಕು ಅದು. ಯೌವನವಿನ್ನೂ ಮುಗಿಯದ ಮುಖದ ಸುತ್ತ ಅಕಾಲದಲ್ಲಿ ನರೆತ ಕೂದಲಿದ್ದಂತೆ ಆ ಕಾರು ತೋರುತ್ತದೆ.

ಮನೆಯವರು ಮೊದಲು ಅದನ್ನು ಕೊಳೆಯೆಂದೇ ಭಾವಿಸುತ್ತಾರೆ. ಭಾನುವಾರದ ಬೆಳಗ್ಗೆ ಬಕೆಟ್ಟು, ಸೋಪಿನ ನೀರು, ಬಟ್ಟೆ ಒಗೆಯುವ ಬ್ರಷ್ಷು ಎಲ್ಲವೂ ಹೊರಗೆ ಬರುತ್ತವೆ. ತಿಕ್ಕಿ ತೊಳೆದಾಗ ಪ್ಲಾಸ್ಟಿಕ್ಕು ಮತ್ತೆ ಕಪ್ಪಗೆ ಕಂಡು ಎಲ್ಲರಿಗೂ ಸಂತೋಷವಾಗುತ್ತದೆ. ಅರ್ಧ ಗಂಟೆಯಲ್ಲಿ ನೀರಾರಿತೋ ಇಲ್ಲವೋ, ಬೂದಿ ಬಣ್ಣ ಮರಳಿ ಪ್ರತ್ಯಕ್ಷವಾಗುತ್ತದೆ! ಮರುವಾರ ಇನ್ನಷ್ಟು ಬಿರುಸಾಗಿ ತಿಕ್ಕಿದರೂ ಫಲ ಅಷ್ಟೇ.

ಕಾರಣವೇನೆಂದರೆ, ಆ ಬಿಳುಪು ಹೊರಗಿನಿಂದ ಬಂದು ಕುಳಿತುದಲ್ಲ. ಪ್ಲಾಸ್ಟಿಕ್ಕಿನ ಮೈಯಿಂದಲೇ ಏನೋ ಕಳೆದುಹೋಗಿ ಉಳಿದ ಗುರುತು. ಈ ಒಂದು ಸಂಗತಿ ತಿಳಿಯದಿರುವುದರಿಂದಲೇ ಎಷ್ಟೋ ಮನೆಗಳಲ್ಲಿ ಎಣ್ಣೆಗೆ, ಪಾಲಿಷಿಗೆ, ಅಂಗಡಿಯ ಬಣ್ಣಬಣ್ಣದ ಸೀಸೆಗಳಿಗೆ ಹಣ ಹರಿದುಹೋಗುತ್ತದೆ. ಕಾರೆಂಬುದು ಮಧ್ಯಮ ವರ್ಗದ ಸಂಸಾರಕ್ಕೆ ಮನೆಯ ತರುವಾಯದ ದೊಡ್ಡ ಖರ್ಚು. ಐದಾರು ವರ್ಷ ಬ್ಯಾಂಕಿಗೆ ಕಂತು ಕಟ್ಟಿ, ಕೊನೆಗೆ ಅದು ಸ್ವಂತದ್ದಾಗುವ ಹೊತ್ತಿಗೆ ಮುದಿಯಾಗಿ ಕಂಡರೆ ಯಾರಿಗೆ ತಾನೆ ಬೇಸರವಾಗದು? ಮಾರುವ ದಿನ ಬಂದಾಗ ಕೊಳ್ಳುವವನು ಮೊದಲು ಬೆರಳಿಟ್ಟು ತೋರಿಸುವುದೂ ಆ ಬಿಳಿಚಿದ ಬಂಪರನ್ನೇ.

ಕ್ರೋಮಿಯಂ ಹೋಗಿ ಪ್ಲಾಸ್ಟಿಕ್ ಬಂದುದು

ಹಿಂದಿನ ಅಂಬಾಸಡರ್, ಫಿಯಟ್ ಕಾರುಗಳಿಗೆ ಈ ತೊಂದರೆ ಇರಲಿಲ್ಲ. ಅವುಗಳ ಬಂಪರು ಉಕ್ಕಿನದು. ಅದರ ಮೇಲೆ ಕ್ರೋಮಿಯಂ ಲೇಪ. ಬೆಳ್ಳಿಯ ತಟ್ಟೆಯಂತೆ ಹೊಳೆಯುತ್ತಿದ್ದ ಆ ಬಂಪರುಗಳಿಗೆ ತುಕ್ಕೆಂಬ ಬೇರೊಬ್ಬ ಶತ್ರುವಿದ್ದನು. ಲೇಪದಲ್ಲಿ ಎಲ್ಲಾದರೂ ಒಂದು ಸೂಜಿಮೊನೆಯಷ್ಟು ತೂತು ಬಿದ್ದರೆ ಸಾಕು, ಮಳೆಗಾಲ ಮುಗಿಯುವುದರೊಳಗೆ ಅಲ್ಲಿ ಕೆಂಪು ಹುಣ್ಣು ಎದ್ದಿರುತ್ತಿತ್ತು. ತೂಕವೂ ಬಹಳ. ಚಿಕ್ಕ ಡಿಕ್ಕಿಯಾದರೂ ಉಕ್ಕು ನೆಗ್ಗಿ, ನೆಗ್ಗಿದಂತೆಯೇ ನಿಲ್ಲುತ್ತಿತ್ತು.

ಇಟಲಿಯ ರಸಾಯನ ವಿಜ್ಞಾನಿ ಜೂಲಿಯೋ ನಾಟ್ಟಾ 1954ರಲ್ಲಿ, ಜರ್ಮನಿಯ ಕಾರ್ಲ್ ಸೀಗ್ಲರ್ ಕಂಡುಹಿಡಿದ ವೇಗವರ್ಧಕಗಳ ನೆರವಿನಿಂದ, ಪ್ರೊಪಿಲೀನ್ ಎಂಬ ಅನಿಲದ ಅಣುಗಳನ್ನು ಒಂದರ ಬೆನ್ನಿಗೊಂದರಂತೆ ಶಿಸ್ತಾಗಿ ಪೋಣಿಸಿ ಗಟ್ಟಿಯಾದ ಹೊಸ ವಸ್ತುವೊಂದನ್ನು ಪಡೆದನು. ಅದೇ ಪಾಲಿಪ್ರೊಪಿಲೀನ್. 1957ರಲ್ಲಿ ಇಟಲಿಯ ಫೆರಾರಾ ನಗರದಲ್ಲಿ ಅದರ ತಯಾರಿಕೆ ಮೊದಲಾಯಿತು; 1963ರಲ್ಲಿ ಸೀಗ್ಲರ್ ಮತ್ತು ನಾಟ್ಟಾ ಇಬ್ಬರಿಗೂ ನೊಬೆಲ್ ಪಾರಿತೋಷಕ ದೊರೆಯಿತು. ಅಡಿಗೆಮನೆಯ ಡಬ್ಬಿಯಿಂದ ಮೊದಲುಗೊಂಡು ಮಕ್ಕಳ ಊಟದ ಪೆಟ್ಟಿಗೆಯವರೆಗೆ ಇಂದು ಎಲ್ಲೆಲ್ಲೂ ಇರುವ ಈ ವಸ್ತುವೇ, ಸ್ವಲ್ಪ ರಬ್ಬರಿನ ಬೆರಕೆಯೊಡನೆ, ಹೆಚ್ಚಿನ ಕಾರುಗಳ ಬಂಪರಾಗಿದೆ.

ಪ್ಲಾಸ್ಟಿಕ್ಕಿನ ಬಂಪರು ಹೊತ್ತು ದೊಡ್ಡ ಸಂಖ್ಯೆಯಲ್ಲಿ ಬೀದಿಗಿಳಿದ ಮೊದಲ ಕಾರುಗಳಲ್ಲಿ 1972ರ ಫ್ರಾನ್ಸಿನ ರೆನೋ 5 ಪ್ರಸಿದ್ಧವಾದುದು. ಭಾರತದಲ್ಲಿ 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದ ಅನಂತರದ ವರ್ಷಗಳಲ್ಲಿ ಕಪ್ಪು ಬಂಪರು ಮಧ್ಯಮ ವರ್ಗದ ಮನೆಗಳಿಗೆ ಪರಿಚಿತವಾಯಿತು. ಪ್ಲಾಸ್ಟಿಕ್ಕು ಹಗುರ, ತುಕ್ಕು ಹಿಡಿಯದು, ಸಣ್ಣ ತಾಗಾಟಕ್ಕೆ ಬಳುಕಿ ಮತ್ತೆ ನೆಟ್ಟಗಾಗುತ್ತದೆ, ಬೇಕಾದ ಆಕಾರಕ್ಕೆ ಎರಕ ಹೊಯ್ಯಬಹುದು. ಇಷ್ಟು ಗುಣವಿರುವಾಗ ಕ್ರೋಮಿಯಂ ಹಿಂದೆ ಸರಿದುದರಲ್ಲಿ ಆಶ್ಚರ್ಯವಿಲ್ಲ. ಈಗಂತೂ ಕಾಡುಮೇಡಿನ ವಾಹನದ ಗತ್ತು ತರಲೆಂದು ಪೇಟೆಯ ಪುಟ್ಟ ಕಾರುಗಳಿಗೂ ಸುತ್ತ ಕರಿಯ ಪ್ಲಾಸ್ಟಿಕ್ಕಿನ ಅಂಚು ತೊಡಿಸುವುದು ಶೋಕಿಯಾಗಿದೆ. ಅಂಚು ಅಗಲವಾದಷ್ಟೂ ನರೆಯುವ ಜಾಗವೂ ಅಗಲವಾಯಿತು!

ಬಿಸಿಲು ಮಾಡುವ ಕೆಲಸ

ಪ್ಲಾಸ್ಟಿಕ್ಕಿನ ಅಣುವೆಂದರೆ ಒಂದು ಬಲು ಉದ್ದವಾದ ಸರಪಳಿ. ಸಾವಿರಾರು ಕೊಂಡಿಗಳು ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಸರಪಳಿ ಉದ್ದವಾಗಿರುವುದರಿಂದಲೇ ಅದಕ್ಕೆ ಬಲ, ಬಳುಕು. ಸೂರ್ಯನ ಬೆಳಕಿನಲ್ಲಿ ಕಣ್ಣಿಗೆ ಕಾಣದ ಅತಿನೇರಳೆ ಕಿರಣಗಳಿವೆ. ಭೂಮಿಯನ್ನು ಮುಟ್ಟುವ ಇವುಗಳ ಅಲೆಯುದ್ದ ಸುಮಾರು 290ರಿಂದ 400 ನ್ಯಾನೋಮೀಟರ್. ಈ ಸರಪಳಿಯ ಕೊಂಡಿಯನ್ನು ಕಡಿಯಲು ಬೇಕಾದಷ್ಟು ಶಕ್ತಿ ಅವುಗಳಲ್ಲಿದೆ. ಶುದ್ಧ ಪಾಲಿಪ್ರೊಪಿಲೀನ್ ಈ ಕಿರಣಗಳನ್ನು ಅಷ್ಟಾಗಿ ಹೀರುವುದಿಲ್ಲ. ಆದರೆ ತಯಾರಿಕೆಯಲ್ಲಿ ಉಳಿದ ಅಲ್ಪಸ್ವಲ್ಪ ಕಲ್ಮಶಗಳು ಕಿರಣಗಳಿಗೆ ಬಾಗಿಲು ತೆರೆದುಕೊಡುತ್ತವೆ. ಒಂದು ಕೊಂಡಿ ಸಡಿಲವಾದೊಡನೆ ಗಾಳಿಯ ಆಮ್ಲಜನಕ ಅಲ್ಲಿ ಸೇರಿಕೊಳ್ಳುತ್ತದೆ. ಅದರಿಂದ ಹುಟ್ಟಿದ ಅಸ್ಥಿರ ಸಂಯುಕ್ತವು ಒಡೆದು ಪಕ್ಕದ ಕೊಂಡಿಗಳನ್ನೂ ಕೆಡಿಸುತ್ತದೆ. ಹುಲ್ಲಿನ ಬಣವೆಯ ಒಂದು ಮೂಲೆಗೆ ತಗುಲಿದ ಕಿಡಿಯಂತೆ ಕೇಡು ತಾನಾಗಿಯೇ ಹಬ್ಬುತ್ತದೆ.

ಹೀಗೆ ಉದ್ದನೆಯ ಸರಪಳಿಗಳು ತುಂಡುತುಂಡಾದಾಗ ಮೇಲ್ಪದರ ಕುಗ್ಗಿ, ಗಡುಸಾಗಿ, ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕುಗಳಿಂದ ತುಂಬುತ್ತದೆ. ನುಣುಪಾದ ಗಾಜು ಪಾರದರ್ಶಕ. ಅದನ್ನೇ ಕುಟ್ಟಿ ಪುಡಿಮಾಡಿದರೆ ಬಿಳುಪು. ಬೆಳಕು ಅಸಂಖ್ಯ ಅಂಚುಗಳಿಗೆ ಬಡಿದು ದಿಕ್ಕುದಿಕ್ಕಿಗೆ ಚೆದರುವುದೇ ಇದಕ್ಕೆ ಕಾರಣ. ಬಿರುಕುಬಿಟ್ಟ ಪ್ಲಾಸ್ಟಿಕ್ಕಿನ ಮೇಲೂ ಇದೇ ನಡೆಯುತ್ತದೆ. ಒಳಗೆ ಕಪ್ಪು ಹಾಗೆಯೇ ಇದ್ದರೂ ಮೇಲೆ ಚೆದರಿದ ಬೆಳಕಿನ ಮಂಜು ಮುಸುಕಿ ಬೂದಿಬಣ್ಣ ಕಾಣುತ್ತದೆ.

ಇದರೊಡನೆ ಇನ್ನೊಂದು ಸ್ವಾರಸ್ಯವೂ ಉಂಟು. ಬಂಪರಿನ ಪ್ಲಾಸ್ಟಿಕ್ಕಿಗೆ ಗಡಸುತನ ಬರಲೆಂದು ಒಂದು ಖನಿಜದ ನುಣ್ಣನೆಯ ಪುಡಿಯನ್ನು ಬೆರೆಸುವ ರೂಢಿಯಿದೆ. ಅದು ಬೇರೆ ಯಾವುದೂ ಅಲ್ಲ, ಬಳಪದ ಕಲ್ಲಿನಲ್ಲಿರುವ ಟಾಲ್ಕ್; ಮುಖಕ್ಕೆ ಹಚ್ಚುವ ಪೌಡರಿಗೆ ಹೆಸರು ಬಂದುದೂ ಅದರಿಂದಲೇ. ಕಳಚಿದ ಬಂಪರಿನ ಒಳಮೈಯಲ್ಲಿ ಅಚ್ಚಾಗಿರುವ ಅಕ್ಷರಗಳಿಂದ ಅದರ ಕುಲಗೋತ್ರ ತಿಳಿಯುತ್ತದೆ. ‘ಪಿಪಿ’ ಎಂದರೆ ಪಾಲಿಪ್ರೊಪಿಲೀನ್; ‘ಇಪಿಡಿಎಂ’ ಎಂದರೆ ಬೆರಕೆಯ ರಬ್ಬರು; ‘ಟಿಡಿ 20’ ಎಂದಿದ್ದರೆ ನೂರಕ್ಕೆ 20 ಪಾಲು ಟಾಲ್ಕ್ ಎಂದು ಅರ್ಥ. ಮೇಲಿನ ಪ್ಲಾಸ್ಟಿಕ್ಕು ಸವೆದಂತೆಲ್ಲ ಈ ಬಿಳಿಯ ಪುಡಿ ಹೊರಬೀಳುತ್ತದೆ. ತೀರ ಹಳೆಯ ಕಾರಿನ ಕಪ್ಪು ಪಟ್ಟಿಯನ್ನು ಬೆರಳಿನಿಂದ ಒರಸಿದಾಗ ಸ್ಲೇಟು ಒರಸಿದಂತೆ ಬಿಳುಪು ಅಂಟುವುದು ಅದಕ್ಕೇ.

ಕಾಡಿಗೆಯ ಕಾವಲು

ಹಾಗಾದರೆ ತಯಾರಕರು ಇದಕ್ಕೆ ಏನೂ ಉಪಾಯ ಮಾಡಿಲ್ಲವೇ? ಮಾಡಿದ್ದಾರೆ. ಕಪ್ಪು ಬಣ್ಣವೇ ಮೊದಲ ಉಪಾಯ. ದೀಪದ ಕುಡಿಯ ಮೇಲೆ ಹಿಡಿದ ತಟ್ಟೆಗೆ ಕಟ್ಟುವ ಕಾಡಿಗೆಯಂಥ ನವುರಾದ ಇಂಗಾಲದ ಮಸಿಯನ್ನು ಪ್ಲಾಸ್ಟಿಕ್ಕಿಗೆ ಬೆರೆಸುತ್ತಾರೆ. ಈ ಮಸಿ ಅತಿನೇರಳೆ ಕಿರಣಗಳನ್ನು ತಾನೇ ನುಂಗಿ ಸರಪಳಿಗಳನ್ನು ಕಾಪಾಡುತ್ತದೆ. ಮನೆಯ ಮಾಳಿಗೆಯ ಮೇಲಿನ ಕಪ್ಪು ನೀರಿನ ಟ್ಯಾಂಕು ವರ್ಷಗಟ್ಟಲೆ ಬಿಸಿಲಿನಲ್ಲಿ ನಿಂತರೂ ಒಡೆಯದಿರುವುದರ ಗುಟ್ಟು ಇದೇ. ಅಂಗಳದಲ್ಲಿಟ್ಟ ಕೆಂಪು, ನೀಲಿ ಕುರ್ಚಿಗಳು ಅಷ್ಟು ಕಾಲ ಬಾಳುವುದಿಲ್ಲ.

ಎರಡನೆಯ ಕಾವಲು 1970ರ ದಶಕದಲ್ಲಿ ಬಳಕೆಗೆ ಬಂದ ಅಮೀನ್ ಜಾತಿಯ ರಾಸಾಯನಿಕಗಳು. ಕೊಂಡಿ ಕಡಿದು ಹುಟ್ಟಿದ ಪುಂಡ ತುಣುಕುಗಳನ್ನು ಇವು ಹಿಡಿದು ಸುಮ್ಮನಾಗಿಸುತ್ತವೆ. ಮತ್ತೆ ಚೇತರಿಸಿಕೊಂಡು ಮುಂದಿನದನ್ನು ಹಿಡಿಯುತ್ತವೆ. ಆದರೂ ಯಾವ ಕಾವಲಿಗೂ ಮಿತಿಯುಂಟು. ವರ್ಷಾಂತರದಲ್ಲಿ ಇವು ಮೇಲ್ಪದರದಲ್ಲಿ ಕ್ಷಯಿಸುತ್ತವೆ. ಆಗ ಬಿಸಿಲಿಗೆ ಎದುರಿಲ್ಲ.

ಒಂದೇ ಬಂಪರಿನಲ್ಲಿ ಇದಕ್ಕೆ ಸಾಕ್ಷ್ಯ ದೊರೆಯುತ್ತದೆ. ಮೇಲಿನ ಅರ್ಧಕ್ಕೆ ಕಾರಿನ ಬಣ್ಣ ಬಳಿದಿರುತ್ತದೆ. ಕೆಳಗಿನ ಅರ್ಧ ಬರಿಯ ಪ್ಲಾಸ್ಟಿಕ್ಕು. ಎರಡೂ ಹೆಚ್ಚುಕಡಮೆ ಒಂದೇ ಜಾತಿಯ ವಸ್ತು. ಆದರೆ ಬಣ್ಣದ ಮೇಲಿನ ಪಾರದರ್ಶಕ ಲೇಪದಲ್ಲಿ ಅತಿನೇರಳೆ ಕಿರಣಗಳನ್ನು ಹೀರುವ ದ್ರವ್ಯ ಸೇರಿರುವುದರಿಂದ ಮೇಲಿನರ್ಧಕ್ಕೆ ಕೊಡೆ ಹಿಡಿದಂತಾಗಿದೆ. ಕೆಳಗಿನರ್ಧ ಬರಿದಲೆಯಲ್ಲಿ ನಿಂತಿದೆ.

ಬೆಂಗಳೂರಿನ ತಂಪು ಹವೆಯಲ್ಲಿ ಇಷ್ಟು ಭಯವೇಕೆ ಎಂದು ಕೆಲವರು ಕೇಳಬಹುದು. ತಂಪಿಗೂ ಅತಿನೇರಳೆ ಕಿರಣಕ್ಕೂ ಸಂಬಂಧವಿಲ್ಲ. ಕನ್ನಡ ನಾಡೆಲ್ಲವೂ ಉಷ್ಣವಲಯದಲ್ಲಿದೆ. ವರ್ಷಕ್ಕೆ ಎರಡು ಸಲ ಸೂರ್ಯನು ನೇರ ನೆತ್ತಿಯ ಮೇಲೆ ಬರುತ್ತಾನೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಪ್ರತಿ 1000 ಮೀಟರಿಗೆ ಅತಿನೇರಳೆ ಕಿರಣಗಳ ಪ್ರಮಾಣ ನೂರಕ್ಕೆ ಹತ್ತರಷ್ಟು ಏರುತ್ತದೆ. ಆದುದರಿಂದ ಮೈಗೆ ಹಿತವೆನಿಸುವ ಗಾಳಿಯಲ್ಲಿಯೂ ಪ್ಲಾಸ್ಟಿಕ್ಕು ನವೆಯುತ್ತಿರುತ್ತದೆ. ಕಲಬುರಗಿ, ರಾಯಚೂರುಗಳಲ್ಲಿ ಸುಡುಬಿಸಿಲಿನ ಕಾವೂ ಸೇರಿ ಈ ಕ್ರಿಯೆ ಚುರುಕಾಗುತ್ತದೆ. ನಡುಹಗಲಿನಲ್ಲಿ ಕಪ್ಪು ಪ್ಲಾಸ್ಟಿಕ್ಕಿನ ಮೈ 70 ಡಿಗ್ರಿ ಸೆಂಟಿಗ್ರೇಡಿನವರೆಗೆ ಕಾಯುವುದುಂಟು. ಅಮೆರಿಕದಲ್ಲಿ ಇಂಥ ವಸ್ತುಗಳ ಬಾಳಿಕೆಯನ್ನು ಪರೀಕ್ಷಿಸಲು ತುಣುಕುಗಳನ್ನು ಫ್ಲಾರಿಡಾದ ಸೆಕೆಯಲ್ಲಿಯೂ ಅರಿಜೋನಾದ ಒಣ ಬಿಸಿಲಿನಲ್ಲಿಯೂ ಹಲಗೆಗಳಿಗೆ ಕಟ್ಟಿ ತಿಂಗಳುಗಟ್ಟಲೆ ಇಡುತ್ತಾರೆ. ಮಂಗಳೂರಿನಲ್ಲಿಯೂ ಕಲಬುರಗಿಯಲ್ಲಿಯೂ ಮನೆಯ ಮುಂದೆ ನಿಂತ ಕಾರುಗಳು ಆ ಪರೀಕ್ಷೆಯನ್ನು ದಿನವೂ ಎದುರಿಸುತ್ತಿವೆ.

ಎಣ್ಣೆಯ ಮಾಯೆ

ಒಣಗಿದ ಒರಳುಕಲ್ಲು ಬೂದುಬಣ್ಣ. ನೀರು ಬಿದ್ದೊಡನೆ ಕಡುಗಪ್ಪು. ಗರ್ಭಗುಡಿಯ ಶಿಲಾಮೂರ್ತಿ ಎಣ್ಣೆಮಜ್ಜನದ ಬಳಿಕ ನೀಲಮೇಘದಂತೆ ಹೊಳೆಯುತ್ತದೆ. ಕಲ್ಲು ಬದಲಾಗಿಲ್ಲ, ಅದರ ಒರಟು ಮೈಯ ಕುಳಿಗಳಲ್ಲಿ ಗಾಳಿಯ ಬದಲು ದ್ರವ ತುಂಬಿ, ಬೆಳಕು ಚೆದರುವುದು ಕಡಮೆಯಾಗಿದೆ ಅಷ್ಟೆ. ನರೆತ ಬಂಪರಿಗೆ ಕೊಬ್ಬರಿ ಎಣ್ಣೆ ಸವರಿದಾಗ ಆಗುವ ಪವಾಡವೂ ಇದೇ. ಗಾಳಿಗಿಂತ ಎಣ್ಣೆಯ ವಕ್ರೀಭವನ ಗುಣ ಪ್ಲಾಸ್ಟಿಕ್ಕಿಗೆ ಬಹು ಹತ್ತಿರ. ಬಿರುಕುಗಳು ಕಣ್ಣಿಗೆ ಮರೆಯಾಗುತ್ತವೆ. ಮನೆಯವರಿಗೆ ಪರಮಾನಂದ!

ಆ ಆನಂದ ಅಲ್ಪಕಾಲದ್ದು. ಅಡಿಗೆಯ ಎಣ್ಣೆ ಗಾಳಿಗೂ ಬಿಸಿಲಿಗೂ ಸಿಕ್ಕಿ ಕೆಡುತ್ತದೆ, ಕಮಟು ಹಿಡಿಯುತ್ತದೆ, ಅಂಟಾಗುತ್ತದೆ. ಬೀದಿಯ ದೂಳೆಲ್ಲ ಅದಕ್ಕೆ ಮೆತ್ತಿಕೊಳ್ಳುತ್ತದೆ. ಮೊದಲ ಮಳೆಗೆ ಅದು ಇಳಿದು ಕಾರಿನ ಮೈಮೇಲೆ ಕಂದು ಗೆರೆಗಳನ್ನು ಎಳೆಯುತ್ತದೆ. ಬೂಟು ಪಾಲಿಷು ಹಚ್ಚಿದವರ ಪಾಡು ಇನ್ನೂ ಕಷ್ಟ. ಬಾಗಿಲಿಗೆ ಒರಗಿದ ಸೀರೆಯ ಸೆರಗು, ಪಂಚೆಯ ಅಂಚು ಕಪ್ಪಾಗುತ್ತವೆ. ಬಳಸಿ ಬಿಸಾಡಿದ ಎಂಜಿನ್ ಎಣ್ಣೆಯನ್ನು ಸವರುವ ಪರಿಪಾಟವೂ ಕೆಲವೆಡೆ ಉಂಟು. ಅದು ಚರ್ಮಕ್ಕೆ ಹಾನಿಕರವಾದುದು. ಮಕ್ಕಳು ಮುಟ್ಟುವ ವಸ್ತುವಿಗೆ ಹಚ್ಚತಕ್ಕುದಲ್ಲ. ಸೀಮೆಎಣ್ಣೆ, ಪೆಟ್ರೋಲುಗಳನ್ನು ಪಾಲಿಪ್ರೊಪಿಲೀನ್ ಹೀರಿಕೊಂಡು ಉಬ್ಬುತ್ತದೆ. ಬೆಂಕಿಯ ಅಪಾಯವಂತೂ ಇದ್ದೇ ಇದೆ.

ಅಂಗಡಿಯಲ್ಲಿ ಸಿಗುವ ಹೊಳಪಿನ ದ್ರವಗಳಲ್ಲಿ ಹೆಚ್ಚಿನವು ಸಿಲಿಕೋನ್ ಎಣ್ಣೆಯಿಂದ ಆದವು. ಕೊಬ್ಬರಿ ಎಣ್ಣೆಯಂತೆ ಇವು ಕಮಟುವುದಿಲ್ಲ, ನೀರಿಗೂ ಸುಲಭವಾಗಿ ಜಗ್ಗುವುದಿಲ್ಲ. ಆದರೂ ಕೆಲವು ವಾರಗಳಲ್ಲಿ ತೊಳೆದುಹೋಗುತ್ತವೆ. ಇದು ನರೆಗೂದಲಿಗೆ ಬಣ್ಣ ಹಚ್ಚಿದಂತೆಯೇ ಸರಿ. ತಪ್ಪೇನೂ ಇಲ್ಲ, ಆದರೆ ಯೌವನ ಮರಳಿತೆಂದು ಭ್ರಮಿಸಬಾರದು. ಸಿಲಿಕೋನು ಗಾಜಿಗೆ ತಗುಲಿದರೆ ಮಳೆಯಲ್ಲಿ ವೈಪರು ಮಸುಕು ಬಳಿಯುತ್ತದೆ. ಬ್ರೇಕಿಗೂ ಚಕ್ರದ ನೆಲ ಮುಟ್ಟುವ ಭಾಗಕ್ಕೂ ಅದು ಎಂದೂ ತಾಗಕೂಡದು. ಮುಂದೆ ಕಾರಿಗೆ ಬಣ್ಣ ಹೊಡೆಸುವಾಗ ಸಿಲಿಕೋನಿನ ಶೇಷವಿದ್ದರೆ ಬಣ್ಣ ಹರಡದೆ ಗುಂಡಗೆ ಕುಳಿಬೀಳುತ್ತದೆ. ಬಣ್ಣದ ಕೆಲಸಗಾರರು ಅದಕ್ಕೆ ಅಂಜುವುದು ಸಕಾರಣವಾಗಿಯೇ.

ಬಿಸಿಗಾಳಿಯ ಸಾಹಸ

ಬಿಸಿಗಾಳಿ ಊದುವ ಹೀಟ್ ಗನ್ ಎಂಬ ಯಂತ್ರದಿಂದ ಬಂಪರನ್ನು ಕಾಯಿಸಿದೊಡನೆ ಬೂದಿಬಣ್ಣ ಮಾಯವಾಗಿ ಕಪ್ಪು ಉಕ್ಕಿಬರುವುದನ್ನು ಚಲನಚಿತ್ರಗಳಲ್ಲಿ ತೋರಿಸುತ್ತಾರೆ. ಪ್ಲಾಸ್ಟಿಕ್ಕಿನೊಳಗಿನ ಎಣ್ಣೆ ಮೇಲೆ ಬಂತೆಂದು ಹಲವರು ವಿವರಿಸುತ್ತಾರೆ. ಮುಖ್ಯವಾಗಿ ನಡೆಯುವುದು ಬೇರೆ. ಮೇಲ್ಪದರ ಒಂದು ಕ್ಷಣ ಕರಗಿ, ಬಿರುಕುಗಳು ಮುಚ್ಚಿಕೊಂಡು ಮೈ ಮತ್ತೆ ನುಣುಪಾಗುತ್ತದೆ. ಪಾಲಿಪ್ರೊಪಿಲೀನ್ ಕರಗುವುದು ಸುಮಾರು 160 ಡಿಗ್ರಿಗೆ. ಈ ಯಂತ್ರಗಳ ಗಾಳಿಯಾದರೋ 500 ಡಿಗ್ರಿಯನ್ನೂ ಮೀರಬಲ್ಲದು. ಒಂದು ಜಾಗದಲ್ಲಿ ಎರಡು ಕ್ಷಣ ಹೆಚ್ಚು ನಿಂತರೆ ಬಂಪರು ಸೊಟ್ಟಗಾಗುತ್ತದೆ. ಅದರ ಮೇಲಿನ ಚರ್ಮದಂಥ ನಿರಿಗೆ ಅಳಿಸಿ ಹಪ್ಪಳದಂತೆ ಉಬ್ಬುತ್ತದೆ. ಪಕ್ಕದ ಬಣ್ಣ, ಗಾಜು, ರಬ್ಬರುಗಳಿಗೂ ಅಪಾಯ.

ಇಷ್ಟೆಲ್ಲ ಸಾಹಸ ಮಾಡಿದರೂ ಕಡಿದ ಸರಪಳಿಗಳು ಮತ್ತೆ ಕೂಡಿಕೊಳ್ಳುವುದಿಲ್ಲ, ಕ್ಷಯಿಸಿದ ಕಾವಲು ದ್ರವ್ಯವೂ ಮರಳುವುದಿಲ್ಲ. ಮೇಲೆ ರಕ್ಷಣೆಯ ಲೇಪ ಕೊಡದಿದ್ದರೆ ಕೆಲವು ತಿಂಗಳಲ್ಲಿ ನರೆ ಮತ್ತೆ ಕಾಣಿಸಿಕೊಳ್ಳುತ್ತದೆ. ಪದೇ ಪದೇ ಕಾಯಿಸಿದ ಪ್ಲಾಸ್ಟಿಕ್ಕು ಪೆಡಸಾಗುತ್ತದೆ. ಇದು ಕೈ ಪಳಗಿದವರ ಕೆಲಸ; ಮನೆಯಂಗಳದ ಪ್ರಯೋಗವಲ್ಲ.

ಸರಿಯಾದ ಉಪಚಾರ

ಮೊದಲು ರೋಗ ಯಾವುದೆಂದು ಗುರುತಿಸಬೇಕು. ಬಿಳುಪಿನಲ್ಲಿ ಎರಡು ಬಗೆ. ಕಾರಿನ ಮೈಗೆ ಹಚ್ಚಿದ ಮೇಣ ಅಥವಾ ರಬ್ಬಿಂಗ್ ಕಾಂಪೌಂಡು ಪಕ್ಕದ ಪ್ಲಾಸ್ಟಿಕ್ಕಿನ ನಿರಿಗೆಗಳಲ್ಲಿ ಸೇರಿ ಒಣಗಿದರೂ ಬಿಳಿ ಕಲೆಯಾಗುತ್ತದೆ. ಅದು ಬಣ್ಣದ ಅಂಚಿಗೆ ಹತ್ತಿಕೊಂಡು ತೇಪೆತೇಪೆಯಾಗಿರುತ್ತದೆ. ಇದು ನಿಜವಾಗಿಯೂ ಕೊಳೆ. ಬೆಚ್ಚನೆಯ ಸೋಪು ನೀರು ಮತ್ತು ಮೆತ್ತನೆಯ ಬ್ರಷ್ಷಿಗೆ ಬಿಡುತ್ತದೆ. ಮಕ್ಕಳ ಪೆನ್ಸಿಲಿನ ಬಿಳಿ ರಬ್ಬರಿನಿಂದ ಮೆಲ್ಲಗೆ ಉಜ್ಜಿದರೂ ಬಿಡುವುದುಂಟು. ಬಿಸಿಲಿನ ನರೆಯಾದರೋ ಬಿಸಿಲು ಬೀಳುವ ಮುಖದಲ್ಲೆಲ್ಲ ಒಂದೇ ಸಮನೆ ಹರಡಿರುತ್ತದೆ; ಅಡಿಯ ನೆರಳಿನ ಭಾಗ ಕಪ್ಪಾಗಿಯೇ ಇರುತ್ತದೆ.

ಎರಡನೆಯದು ನೀರಿನ ಪರೀಕ್ಷೆ. ಒದ್ದೆ ಮಾಡಿದಾಗ ಪ್ಲಾಸ್ಟಿಕ್ಕು ಚೆನ್ನಾಗಿ ಕಪ್ಪಾದರೆ, ಲೇಪಕ್ಕೂ ಅದು ಒಲಿಯುತ್ತದೆ. ಒದ್ದೆಯಲ್ಲಿಯೂ ಬೂದಿಯಾಗಿಯೇ ಉಳಿದು ಬೆರಳಿಗೆ ಪುಡಿ ಅಂಟಿದರೆ, ಬಣ್ಣ ಸೇರಿದ ಲೇಪವೋ ಹೊಸ ಬಿಡಿಭಾಗವೋ ಆಗಬೇಕಾದೀತು.

ಅನಂತರ ತೊಳೆಯುವುದು. ಪಾತ್ರೆ ಬೆಳಗುವ ಕಾರದ ಪುಡಿ ಬೇಡ. ಕಾರಿನ ಶಾಂಪೂ ಸಾಕು. ನಿರಿಗೆಗಳೊಳಗೆ ಸೇರಿದ ದೂಳು, ಹಳೆಯ ಎಣ್ಣೆ, ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಮಳೆಗಾಲದಲ್ಲಿ ಕಟ್ಟುವ ಹಸುರು ಪಾಚಿ, ಇವೆಲ್ಲ ಹೋಗುವವರೆಗೆ ಮೆತ್ತನೆಯ ಬ್ರಷ್ಷಿನಿಂದ ಎರಡು ಮೂರು ಸಲ ತೊಳೆಯಬೇಕು. ಪೂರ್ತಿ ಒಣಗಿದ ಬಳಿಕ, ಸಮಭಾಗ ನೀರು ಬೆರೆಸಿದ ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಒಮ್ಮೆ ಒರಸಿದರೆ ಜಿಡ್ಡಿನ ಕೊನೆಯ ಅಂಶವೂ ಹೋಗುತ್ತದೆ. ಅದು ಬೇಗ ಹೊತ್ತಿಕೊಳ್ಳುವ ದ್ರವ. ಗಾಳಿಯಾಡುವ ಕಡೆ, ಬೆಂಕಿಯಿಂದ ದೂರದಲ್ಲಿ ಬಳಸಬೇಕು. ಹೆಚ್ಚಿನ ಲೇಪಗಳು ನಿಷ್ಫಲವಾಗುವುದು ಲೇಪದ ದೋಷದಿಂದಲ್ಲ, ಈ ತೊಳೆಯುವ ಕೆಲಸದಲ್ಲಿ ತೋರಿದ ಆತುರದಿಂದ.

ಲೇಪಗಳಲ್ಲಿ ಮೂರು ತರಗತಿಗಳನ್ನು ಕಾಣಬಹುದು. ಮೊದಲನೆಯದು ಮೇಲೆ ಹೇಳಿದ ಸಿಲಿಕೋನ್ ಹೊಳಪು. ಅಗ್ಗ, ಸುಲಭ, ಬಾಳಿಕೆ ಕೆಲವು ವಾರ. ಎರಡನೆಯದು ಕಪ್ಪು ಬಣ್ಣವನ್ನೂ ಗಟ್ಟಿಯಾಗುವ ರಾಳವನ್ನೂ ಬೆರೆಸಿದುದು. ಬಹಳ ನರೆತ ಪ್ಲಾಸ್ಟಿಕ್ಕಿಗೆ ಇದು ಯೋಗ್ಯ, ತಿಂಗಳುಗಟ್ಟಲೆ ನಿಲ್ಲುತ್ತದೆ. ಮೂರನೆಯದು ಸಿಲಿಕಾ ಮೂಲದ ‘ಸೆರಾಮಿಕ್’ ಲೇಪ. ಗಾಳಿಯ ತೇವವನ್ನು ಹೀರಿ ತೆಳುವಾದ ಗಟ್ಟಿ ಪೊರೆಯಾಗುವ ಇದು ಚೆನ್ನಾಗಿ ಹಚ್ಚಿದರೆ ವರ್ಷವೊಂದರ ಮೇಲೂ ಉಳಿಯಬಲ್ಲದು. ಬೆಲೆ ಹೆಚ್ಚು, ತಪ್ಪಾಗಿ ಹಚ್ಚಿದರೆ ತೆಗೆಯುವುದೂ ಕಷ್ಟ. ಯಾವುದನ್ನು ಆರಿಸಿದರೂ ಮೊದಲು ಕಣ್ಣಿಗೆ ಬೀಳದ ಮೂಲೆಯಲ್ಲಿ ಹಚ್ಚಿ ನೋಡಬೇಕು. ನೆರಳಿನಲ್ಲಿ, ತಣ್ಣಗಿರುವ ಪ್ಲಾಸ್ಟಿಕ್ಕಿನ ಮೇಲೆ ತೆಳ್ಳಗೆ ಸವರಿ, ಹೆಚ್ಚಾದುದನ್ನು ಬೇರೆ ಬಟ್ಟೆಯಿಂದ ಒರಸಿ ತೆಗೆಯಬೇಕು. ಪಕ್ಕದ ಬಣ್ಣಕ್ಕೆ ಮಾಸ್ಕಿಂಗ್ ಟೇಪು ಅಂಟಿಸಿದ್ದರೆ ಗೆರೆ ಕೆಡುವುದಿಲ್ಲ. ಸೀಸೆಯ ಮೇಲೆ ಬರೆದಷ್ಟು ಹೊತ್ತು, ಸಾಮಾನ್ಯವಾಗಿ ಒಂದು ದಿನ, ನೀರು ತಾಗಿಸಬಾರದು.

ಇನ್ನು ಬಣ್ಣ ಹೊಡೆಸುವ ಮಾತು. ಕೆಸುವಿನೆಲೆಯ ಮೇಲೆ ನೀರು ನಿಲ್ಲದಂತೆ ಪಾಲಿಪ್ರೊಪಿಲೀನ್ ಮೇಲೆ ಸಾಮಾನ್ಯ ಬಣ್ಣ ನಿಲ್ಲುವುದಿಲ್ಲ. ಆರು ತಿಂಗಳಲ್ಲಿ ಸಿಪ್ಪೆ ಸುಲಿಯುತ್ತದೆ. ಕಾರ್ಖಾನೆಗಳಲ್ಲಿ ಪ್ಲಾಸ್ಟಿಕ್ಕಿನ ಮೈಯನ್ನು ಜ್ವಾಲೆಯಿಂದ ಸವರಿಯೋ ಅಂಟಿಸುವ ವಿಶೇಷ ಪ್ರೈಮರು ಹಚ್ಚಿಯೋ ಬಣ್ಣಕ್ಕೆ ಹಿಡಿತ ಒದಗಿಸುತ್ತಾರೆ. ಆದುದರಿಂದ ಬಣ್ಣ ಹೊಡೆಸುವವರು ಪ್ಲಾಸ್ಟಿಕ್ಕಿಗೆಂದೇ ತಯಾರಾದ ಪ್ರೈಮರನ್ನು ಬಳಸುವರೇ ಎಂದು ಮೊದಲೇ ಕೇಳಿ ತಿಳಿಯುವುದು ಲೇಸು. ಎರಡು ಡಬ್ಬಿ ಸ್ಪ್ರೇ ಬಣ್ಣದಿಂದ ಕೆಲಸ ಮುಗಿಸುವವರಿಂದ ದೂರವಿರುವುದು ಇನ್ನೂ ಲೇಸು.

ಹಳೆಯ ಕಾರು ಕೊಳ್ಳುವವರಿಗೆ

ಈ ವಿದ್ಯೆ ಮಾರುವವನಿಗೂ ಗೊತ್ತು. ಹಳೆಯ ಕಾರನ್ನು ತೋರಿಸುವ ಮುನ್ನ ಸಿಲಿಕೋನ್ ಸವರಿ ಮದುವಣಗಿತ್ತಿಯಂತೆ ಸಿಂಗರಿಸುವುದು ವ್ಯಾಪಾರದ ಹಳೆಯ ಚಮತ್ಕಾರ. ಕೊಳ್ಳುವವರು ಒಂದು ಬಿಳಿಯ ಕೈವಸ್ತ್ರವನ್ನು ಒಯ್ದು ಕಪ್ಪು ಪಟ್ಟಿಯ ಮೇಲೆ ಒತ್ತಿ ಒರಸಿ ನೋಡಬಹುದು; ಜಿಡ್ಡು ಬಂದರೆ ಸಿಂಗಾರ ನಿನ್ನೆಯದೆಂದು ತಿಳಿಯಬಹುದು. ವೈಪರಿನ ಬುಡದ ಜಾಲರಿ, ಕನ್ನಡಿಯ ಬುಡ, ಕಮಾನಿನ ಮೇಲಂಚು ಇವನ್ನು ವಿಶೇಷವಾಗಿ ನೋಡಬೇಕು. ಅಲ್ಲಿಗೆ ಬಟ್ಟೆ ತಲುಪಿರುವುದಿಲ್ಲ. ಒಂದೇ ಮಗ್ಗುಲು ಹೆಚ್ಚು ನರೆತಿದ್ದರೆ, ಆ ಕಾರು ಬಯಲಿನಲ್ಲಿ ವರ್ಷಾನುಗಟ್ಟಲೆ ಒಂದೇ ದಿಕ್ಕಿಗೆ ಮುಖಮಾಡಿ ನಿಂತಿತ್ತೆಂದು ಊಹಿಸಲಡ್ಡಿಯಿಲ್ಲ.

ಇದು ಬರಿಯ ಚೆಲುವಿನ ಪ್ರಶ್ನೆಯೂ ಅಲ್ಲ. ನರೆತ ಪ್ಲಾಸ್ಟಿಕ್ಕು ಕ್ರಮೇಣ ಪೆಡಸಾಗುತ್ತದೆ. ಹಿಡಿಕೊಕ್ಕೆಗಳು ಮುರಿಯುತ್ತವೆ, ಪಟ್ಟಿಗಳು ಓಟದಲ್ಲಿ ಕಳಚುತ್ತವೆ. ಮುಂಗಾಜಿನ ಬುಡದ ಜಾಲರಿ ಬಿರಿದರೆ, ಮಳೆನೀರು ಹರಿಯಬೇಕಾದ ದಾರಿ ತಪ್ಪಿ ಎಂಜಿನಿನ ತಂತಿಗಳ ಕಡೆಗೋ ಒಳಗಿನ ಗಾಳಿಯ ಕಿಂಡಿಗೋ ಇಳಿಯಬಹುದು. ಅಂಗೈಯಗಲದ ಪ್ಲಾಸ್ಟಿಕ್ಕನ್ನು ಅಲಕ್ಷಿಸಿದುದಕ್ಕೆ ತೆರಬೇಕಾದ ದಂಡ ದೊಡ್ಡದಾದೀತು.

ನೆರಳೇ ಮೊದಲ ಮದ್ದು

ಮೇಲಿನ ಉಪಚಾರಗಳೆಲ್ಲ ಮುಪ್ಪನ್ನು ಮರೆಮಾಡುತ್ತವೆ, ಇಲ್ಲವೇ ತಡೆದು ನಿಲ್ಲಿಸುತ್ತವೆ. ಯಾವುದೂ ಕಳೆದುದನ್ನು ತಂದುಕೊಡುವುದಿಲ್ಲ. ಆದುದರಿಂದ ಲೇಪಕ್ಕೆ ತಕ್ಕ ಕಾಲ ಕಾರು ಮುದಿಯಾದಾಗಲ್ಲ, ಹೊಸದಾಗಿರುವಾಗಲೇ. ಪ್ಲಾಸ್ಟಿಕ್ಕು ಕಪ್ಪಾಗಿರುವಾಗ ಹಚ್ಚಿದ ಅತಿನೇರಳೆ ತಡೆಯ ಲೇಪ ಅದರ ಸ್ವಂತ ಕಾವಲಿನ ಹೊರೆಯನ್ನು ಇಳಿಸುತ್ತದೆ. ಕೊಳ್ಳುವಾಗ ಆ ಗುಣ ಉಂಟೆಂದು ಸೀಸೆಯ ಮೇಲೆ ಸ್ಪಷ್ಟವಾಗಿ ಬರೆದಿದೆಯೇ ಎಂದು ನೋಡಬೇಕು. ಹೊಳಪು ಬೇರೆ, ರಕ್ಷಣೆ ಬೇರೆ.

ಲೇಪಕ್ಕಿಂತಲೂ ಮಿಗಿಲಾದುದು ನೆರಳು. ಅದಕ್ಕೆ ಕಾಸೂ ಬೇಡ. ಮನೆಯ ಪೋರ್ಟಿಕೋದಲ್ಲಿ ಹಳೆಯ ಮಂಚ, ಖಾಲಿ ಡಬ್ಬ, ಮುರಿದ ಸೈಕಲ್ಲು ತುಂಬಿಸಿ ಕಾರನ್ನು ಬೀದಿಗೆ ನಿಲ್ಲಿಸುವ ಮನೆಗಳು ಕಡಮೆಯೇನಲ್ಲ. ಆ ಸಾಮಾನನ್ನು ಸಾಗಹಾಕಿದರೆ ಕಾರಿಗೆ ಹತ್ತು ವರ್ಷದ ಆಯುಷ್ಯಕ್ಕೆ ಬೇಕಾದ ನೆರಳು ಮನೆಯಲ್ಲೇ ಇದೆ. ಪೋರ್ಟಿಕೋ ಇಲ್ಲದವರು ಪಡುವಣ ಬಿಸಿಲಿಗೆ ಕಟ್ಟಡದ ಮರೆ ಸಿಗುವಂತೆ ನಿಲ್ಲಿಸಬಹುದು. ಆಗಾಗ ಮುಖ ತಿರುಗಿಸಿ ನಿಲ್ಲಿಸಿದರೆ ಒಂದೇ ಮಗ್ಗುಲಿಗೆ ಹೊರೆ ಬೀಳುವುದಿಲ್ಲ. ಮರದ ನೆರಳು ಉತ್ತಮ. ಆದರೆ ಹೂಬಿಟ್ಟ ಮಾವಿನ ಮರದಿಂದ ಉದುರುವ ಅಂಟನ್ನೂ ಹಕ್ಕಿಯ ಹಿಕ್ಕೆಯನ್ನೂ ಬೇಗ ತೊಳೆಯಬೇಕು. ಹೊದಿಕೆ ಹಾಕುವವರು ದೂಳನ್ನು ಕೊಡವಿ ಹಾಕಬೇಕು; ಇಲ್ಲವಾದರೆ ಗಾಳಿಗೆ ಅಲುಗುವ ಬಟ್ಟೆ ಉಪ್ಪುಕಾಗದದಂತೆ ಉಜ್ಜುತ್ತದೆ.

ಕಾಲನಿಯಮವನ್ನು ಹಬ್ಬಗಳಿಗೆ ಕಟ್ಟಿಕೊಂಡರೆ ಮರೆಯುವ ಭಯವಿಲ್ಲ. ಶಿವರಾತ್ರಿಯ ಹೊತ್ತಿಗೆ ಚಳಿ ಹೋಗಿ ಬಿಸಿಲು ಬಲಿಯುತ್ತದೆ. ಅದಕ್ಕೆ ಮುಂಚೆ ಒಮ್ಮೆ ತೊಳೆದು ಲೇಪ ಹಚ್ಚುವುದು. ಆಯುಧಪೂಜೆಗೆ ಹೇಗೂ ಕಾರಿಗೆ ಸ್ನಾನವಾಗುತ್ತದೆ. ಮಳೆಗಾಲದ ಕೆಸರನ್ನು ಕಳೆದು ಆಗ ಎರಡನೆಯ ಸಲ. ಪೂಜೆಯ ಕುಂಕುಮವನ್ನು ನಿರಿಗೆಯ ಪ್ಲಾಸ್ಟಿಕ್ಕಿಗೆ ಇಡದೆ ಗಾಜಿಗೋ ಲೋಹದ ಭಾಗಕ್ಕೋ ಇಟ್ಟರೆ ಕಲೆ ಉಳಿಯುವುದಿಲ್ಲ. ಅರಿಸಿನದ ಕಲೆಗೆ ಅಂಜಬೇಕಾದುದಿಲ್ಲ. ಅದರ ಬಣ್ಣವನ್ನು ಬಿಸಿಲೇ ಹೀರಿಬಿಡುತ್ತದೆ. ಬಂಪರಿನ ಕಪ್ಪನ್ನು ಕದಿಯುವ ಆ ಸೂರ್ಯನಿಂದ ಕಾರಿಗೆ ಆಗುವ ಉಪಕಾರ ಇದೊಂದೇ ಇರಬೇಕು.

ವರ್ಷಕ್ಕೆ ಎರಡು ಮಧ್ಯಾಹ್ನ, ಒಂದು ಬಕೆಟ್ಟು ನೀರು, ಒಂದು ಮೆತ್ತನೆಯ ಬ್ರಷ್ಷು, ಒಂದು ಸೀಸೆ ಲೇಪ. ಇಷ್ಟರಿಂದ ತಪ್ಪಿಸಬಹುದಾದ ಕೇಡು ಇದು. ಅಟ್ಟ ಮೇಲೆ ಒಲೆ ಉರಿದರೆ ಫಲವೇನು? ಹೊಸ ಕಾರಿನ ಕೀಲಿಕೈ ಕೈಸೇರಿದ ವಾರದಲ್ಲಿಯೇ ಪೋರ್ಟಿಕೋದ ಹಳೆಯ ಮಂಚಕ್ಕೆ ಬೇರೆ ಜಾಗ ಹುಡುಕುವುದು ಜಾಣತನ.